ಚೌರಮ್ಮ ಹಾಸಿದ ಮೆಟ್ಟಿಲು

ಬಹಳ ಹಿಂದೆ, ನಿಮ್ಮ ಮುತ್ತಜ್ಜಂದಿರು ಇನ್ನೂ ತೊಟ್ಟಿಲಿಗೇ ಬಂದಿರದ ಕಾಲದಲ್ಲಿ, ಒಂದೂರಿತ್ತು. ಊರಿನ ಹೆಸರು ಹಾಸುಬಂಡೆ. ಎಲ್ಲೋ ದೂರದ್ದಲ್ಲ, ನಾವೀಗ ಕೂತಿರುವ ಈ ಊರೇ. ಆಗ ಇದು ಹೀಗಿರಲಿಲ್ಲ ಅನ್ನುತ್ತಾರೆ. ಹದಿನೈದೋ ಇಪ್ಪತ್ತೋ ಗುಡಿಸಲು, ಹಿಂದೆ ಒಂದು ಬೋಳು ಬಂಡೆಗುಡ್ಡ, ಅದರ ನೆತ್ತಿಯ ಮೇಲೆ ನಮ್ಮ ಕ್ರೈಸ್ತರ ಪುಟ್ಟ ಗುಡಿ. ಹುಲ್ಲಿನ ಸೂರು, ಮುಂದೆ ಮರದ ಶಿಲುಬೆ. ಗುಡಿಯ ಹಿಂದೆ ಒಂದಿಷ್ಟು ಮಣ್ಣಿತ್ತು, ಅಲ್ಲಿ ನಮ್ಮವರ ಸಮಾಧಿಗಳು. ಸತ್ತವರನ್ನು ಗುಡಿಯ ನೆರಳಲ್ಲೇ ಮಲಗಿಸಬೇಕು ಅನ್ನುವುದು ನಮ್ಮವರ ಹಟ. ಹಾಗಾಗಿ ಜಾರುವ ಬಂಡೆಯ ಮೇಲೆ ಹೆಣ ಹೊತ್ತು ಏರುತ್ತಿದ್ದರು. ಹೊರುವ ನಾಲ್ವರಲ್ಲಿ ಒಬ್ಬ ಜಾರಿದರೆ ಎಲ್ಲರೂ ಜಾರಿದ ಹಾಗೆಯೇ.

ಆ ಊರಿಗೆ ಸೊಸೆಯಾಗಿ ಬಂದವಳು ಚೌರಮ್ಮ. ಆಚೆಪಾಳ್ಯದವರು ಅವಳು ತಮ್ಮ ಊರವಳು ಎಂದು ಹೇಳಿಕೊಂಡು ತಿರುಗುತ್ತಾರೆ. ಹುಟ್ಟಿದ್ದು ಅಲ್ಲಿ, ಒಪ್ಪಿಕೊಳ್ಳೋಣ. ಹುಟ್ಟುವುದರಲ್ಲಿ ಯಾರ ಹೆಚ್ಚುಗಾರಿಕೆ ಏನಿದೆ? ಬಾಳಿದ್ದು ಇಲ್ಲಿ, ಬೆಂದದ್ದು ಇಲ್ಲಿ, ಮಣ್ಣಾದದ್ದು ಇಲ್ಲಿ. ಚೌರಮ್ಮ ನಮ್ಮವಳು, ಅದರಲ್ಲಿ ಎರಡು ಮಾತಿಲ್ಲ.

ನಮ್ಮೂರಿನ ಕಸುಬು ಕಲ್ಲಿನದು. ಈಗಿನ ಹಾಗೆ ಮದ್ದಿಟ್ಟು ಸಿಡಿಸುತ್ತಿರಲಿಲ್ಲ, ಬೆಂಕಿಯಿಂದ ಕಲ್ಲು ಎಬ್ಬಿಸುತ್ತಿದ್ದರು. ಬಂಡೆಯ ಮೇಲೆ ಒಂದು ಸಾಲು ಸೌದೆ ಜೋಡಿಸಿ ಉರಿ ಹಾಕುವುದು. ಕಾವು ಒಳಗಿಳಿದಾಗ ಮೇಲಿನ ಪದರ ಕೆಳಗಿನದರಿಂದ ಬಿಟ್ಟುಕೊಳ್ಳುತ್ತದೆ. ಬಿಟ್ಟಿತೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ. ಸುತ್ತಿಗೆಯಿಂದ ತಟ್ಟಿ ಕೇಳಬೇಕು. ಬಿಡದ ಕಲ್ಲಿನ ಸದ್ದೇ ಬೇರೆ, ಬಿಟ್ಟ ಕಲ್ಲಿನ ಸದ್ದೇ ಬೇರೆ. ಬಿಟ್ಟಿತು ಅಂದ ತಕ್ಷಣ ಉರಿಯನ್ನು ಒಂದು ಗೇಣು ಮುಂದಕ್ಕೆ ತಳ್ಳಬೇಕು. ಹೀಗೆ ಗೇಣು ಗೇಣಾಗಿ ಸರಿಸುತ್ತ ಹೋದರೆ ಕಣದಷ್ಟು ಅಗಲದ ಚಪ್ಪಡಿ ಒಂದೇ ತುಂಡಾಗಿ ಎದ್ದು ಬರುತ್ತದೆ. ತಡ ಮಾಡಿದರೆ ಮಾತ್ರ ಕಲ್ಲು ಸಿಡಿಯುತ್ತದೆ. ಸಿಡಿದ ಚೂರು ಕತ್ತಿಗಿಂತ ಹರಿತ. ಆದ್ದರಿಂದ ಉರಿಯ ಪಕ್ಕ ಕೂತು ತಟ್ಟಿ ಕೇಳುವವರ ಮೇಲೆ ಎಲ್ಲರ ಜೀವ ನಿಂತಿರುತ್ತಿತ್ತು. ಅವರನ್ನು ಊರಲ್ಲಿ ಕಿವಿಯವರು ಅನ್ನುತ್ತಿದ್ದರು.

ಚೌರಮ್ಮ ಬಂದ ಮೇಲೆ ಊರಿಗೆ ಬೇರೆ ಕಿವಿ ಬೇಕಾಗಲಿಲ್ಲ. ಅವಳಿಗೆ ಇರುವೆ ನಡೆದರೂ ಕೇಳಿಸುತ್ತಿತ್ತಂತೆ. ನಾಲ್ಕು ಮನೆಯಾಚೆ ಹಾಲು ಉಕ್ಕುವ ಮೊದಲೇ ಇಲ್ಲಿಂದ "ಪಾತ್ರೆ ಇಳಿಸ್ರೇ" ಎಂದು ಕೂಗುತ್ತಿದ್ದಳಂತೆ. ಇದನ್ನು ನಾನು ಪೂರ್ತಿ ನಂಬುವುದಿಲ್ಲ, ನಮ್ಮಜ್ಜಿ ನಂಬುತ್ತಿದ್ದಳು. ಆದರೆ ಏಳು ವರ್ಷ ಅವಳ ಮಾತಿನ ಮೇಲೆ ಉರಿ ಸರಿಯಿತು, ಏಳು ವರ್ಷ ಯಾರಿಗೂ ಒಂದು ತರಚುಗಾಯ ಆಗಲಿಲ್ಲ ಅನ್ನುವುದನ್ನು ಊರೆಲ್ಲ ನಂಬುತ್ತದೆ. ಗಂಡ ಅರುಳಪ್ಪ ಸೌದೆ ಹಾಕುವವನು, ಹೆಂಡತಿ ಕೇಳುವವಳು. ಇಬ್ಬರ ಜೋಡಿ ನೋಡಿ ಅತ್ತೆ ಇನ್ನಾಸಮ್ಮ ದೃಷ್ಟಿ ತೆಗೆಯುತ್ತಿದ್ದಳಂತೆ.

ಹೆಮ್ಮೆ ಚೌರಮ್ಮನ ತಲೆಗೂ ಸ್ವಲ್ಪ ಏರಿತ್ತು. ಯಾಕೆ ಮುಚ್ಚಿಡಲಿ? ಭಾನುವಾರ ಗುಡಿಗೆ ಹೋಗುತ್ತಿದ್ದಳು, ಹೆಸರಿಗೆ. ಮಂಡಿ ನೆಲದ ಮೇಲೆ, ಮನಸ್ಸು ಬಂಡೆಯ ಮೇಲೆ. ದೇವರ ಹತ್ತಿರ ಕೇಳಿಕೊಳ್ಳುವಂಥದ್ದೇನೂ ಅವಳಿಗೆ ಇರಲಿಲ್ಲ.

ಹೀಗಿರುವಾಗ ಒಂದು ವರ್ಷ ಊರಿಗೆ ಜ್ವರ ಬಂತು. ಹಲವರನ್ನು ಕರೆದುಕೊಂಡು ಹೋಯಿತು. ಚೌರಮ್ಮ ಉಳಿದಳು, ಅವಳ ಕಿವಿ ಉಳಿಯಲಿಲ್ಲ. ಒಂದೇ ದಿನ ಹೋದದ್ದಲ್ಲ. ಮೊದಲು ಹಕ್ಕಿಗಳ ಸದ್ದು ಹೋಯಿತಂತೆ. ಆಮೇಲೆ ತನ್ನದೇ ಬಳೆಯ ಸದ್ದು. ಆಮೇಲೆ ಅತ್ತೆ ಒಳಗಿಂದ ಕರೆದದ್ದು. ಅವಳು ಯಾರಿಗೂ ಹೇಳಲಿಲ್ಲ. ಜನರ ತುಟಿ ನೋಡಿ ಮಾತು ಹಿಡಿಯುವುದನ್ನು ಕಲಿತಳು. ಯಾರಿಗೂ ಅನುಮಾನ ಬರಲಿಲ್ಲ, ಯಾಕೆಂದರೆ ಕಲ್ಲು ಕುಟ್ಟಿ ಕುಟ್ಟಿ ನಮ್ಮೂರಲ್ಲಿ ಅರ್ಧ ಜನಕ್ಕೆ ಕಿವಿ ಮಂದ. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ, ಅದಕ್ಕೇ ಇಷ್ಟು ಜೋರಾಗಿ ಕಿರುಚುತ್ತಿದ್ದೇನೆ.

ಯಾಕೆ ಹೇಳಲಿಲ್ಲ? ಊರಿನ ಕಿವಿ ಅನ್ನಿಸಿಕೊಂಡವಳು ಕಿವುಡಿ ಅನ್ನಿಸಿಕೊಳ್ಳಲು ಒಪ್ಪಲಿಲ್ಲ. ಅಷ್ಟೇ.

ಒಂದು ದಿನ ಬೆಳಗ್ಗೆ ದೊಡ್ಡ ಚಪ್ಪಡಿಗೆ ಉರಿ ಹಾಕಿದ್ದರು. ಚೌರಮ್ಮ ತಟ್ಟಿದಳು. ಕಲ್ಲು ಆಗಲೇ ಬಿಟ್ಟಿತ್ತು, ಅವಳಿಗೆ ಕೇಳಿಸಲಿಲ್ಲ. ಅರುಳಪ್ಪ ಕಣ್ಣಲ್ಲೇ ಏನು ಅಂತ ಕೇಳಿದ. "ಇನ್ನೂ ಇಲ್ಲ" ಅಂದಳು. ಹೆಂಡತಿಯ ಮಾತಿಗೆ ಎದುರಾಡದವನು, ಇನ್ನೊಂದು ತೆಕ್ಕೆ ಸೌದೆ ಎತ್ತಿಕೊಂಡು ಉರಿಯ ಹತ್ತಿರ ಬಂದ. ಕಲ್ಲು ಸಿಡಿಯಿತು. ಅರುಳಪ್ಪ ಸೌದೆ ಬಿಡದೆಯೇ ಬಿದ್ದ ಅನ್ನುತ್ತಾರೆ. ನೀರು ಕೇಳುವಷ್ಟು ಹೊತ್ತೂ ಬದುಕಲಿಲ್ಲ.

ಯಾರೂ ಅವಳನ್ನು ಬೈಯಲಿಲ್ಲ. ಬಂಡೆ ಬಲಿ ತೆಗೆದುಕೊಂಡಿತು, ಇವಳೇನು ಮಾಡಿಯಾಳು ಅಂದರು. ಮಗನನ್ನು ಕಳೆದುಕೊಂಡ ಇನ್ನಾಸಮ್ಮನೇ ಸೊಸೆಯ ತಲೆ ನೇವರಿಸಿದಳು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಚೌರಮ್ಮ ಸುತ್ತಿಗೆ ಕೆಳಗಿಟ್ಟಳು, ಗುಡಿಗೆ ಹೋಗುವುದನ್ನೂ ಬಿಟ್ಟಳು. ಸೌದೆ ಹೊರುವ, ಜಲ್ಲಿ ಒಡೆಯುವ ಕೆಲಸಕ್ಕೆ ಇಳಿದಳು. ದೇವರ ಮುಖಕ್ಕೆ ಬೆನ್ನು ಹಾಕಿ ಮಲಗುತ್ತಿದ್ದಳಂತೆ.

ಆ ಕಾಲಕ್ಕೆ ಊರಿಗೆ ವರ್ಷಕ್ಕೆ ಎರಡು ಸಲ ಒಬ್ಬ ಸ್ವಾಮಿಗಳು ಬರುತ್ತಿದ್ದರು. ಹೊರದೇಶದ ಪಾದ್ರಿ, ಎದೆಯವರೆಗೂ ಗಡ್ಡ. ಯೇಸು ಸಾವಿನಿಂದ ಎದ್ದ ಪಾಸ್ಕ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದಲ್ಲಿ ಬಂದು ಎಲ್ಲರ ಪಾಪನಿವೇದನೆ ಕೇಳುತ್ತಿದ್ದರು. ಆ ವರ್ಷ ಇನ್ನಾಸಮ್ಮ ಅತ್ತು ಕರೆದು ಸೊಸೆಯನ್ನು ಕಳಿಸಿದಳು. ಚೌರಮ್ಮ ಹೋಗಿ ಮಂಡಿಯೂರಿದಳು. ಸ್ವಾಮಿಗಳಿಗೂ ಅವಳಿಗೂ ನಡುವೆ ಬಿದಿರಿನ ತಡಿಕೆ, ತಡಿಕೆಗೆ ಬಟ್ಟೆ. ನನ್ನ ಮಾತಿನಿಂದ ನನ್ನ ಗಂಡ ಸತ್ತ ಎಂದು ಹೇಳಿದಳು. ನನಗೆ ಕಿವಿ ಕೇಳಿಸುವುದಿಲ್ಲ, ಅದನ್ನು ಮುಚ್ಚಿಟ್ಟೆ ಅನ್ನುವುದನ್ನು ಮಾತ್ರ ಅಲ್ಲಿಯೂ ಹೇಳಲಿಲ್ಲ. ಬಾಯಿವರೆಗೆ ಬಂದು ನಿಂತಿತು.

ಈಗ ಕಷ್ಟ ನೋಡಿ. ತಡಿಕೆಯ ಆಚೆ ಸ್ವಾಮಿಗಳು ಏನೋ ಹೇಳಿದರು. ಏನು ಹೇಳಿದರು? ಕ್ಷಮೆ ಕೊಟ್ಟರೋ ಇಲ್ಲವೋ? ಪ್ರಾಯಶ್ಚಿತ್ತಕ್ಕೆ ಏನು ಮಾಡು ಅಂದರು? ತುಟಿ ಕಾಣಲಿಲ್ಲ, ಸದ್ದು ಕೇಳಲಿಲ್ಲ. ಸರದಿಯಲ್ಲಿ ಹಿಂದಿದ್ದವಳು ಬಂದು ಹೆಗಲು ಮುಟ್ಟುವವರೆಗೆ ಚೌರಮ್ಮ ಅಲ್ಲೇ ಮಂಡಿಯೂರಿಕೊಂಡೇ ಇದ್ದಳು. ಎದ್ದು ಬಂದಳು, ತಿರುಗಿ ಹೋಗಿ ಕೇಳಲಿಲ್ಲ. ಕೇಳಿದರೆ ಕಿವುಡಿ ಅಂತ ಗೊತ್ತಾಗುತ್ತದೆ. ಕಿವುಡಿ ಅಂತ ಗೊತ್ತಾದರೆ ಅರುಳಪ್ಪ ಹೇಗೆ ಸತ್ತ ಅಂತಲೂ ಗೊತ್ತಾಗುತ್ತದೆ, ಅತ್ತೆಗೂ ಗೊತ್ತಾಗುತ್ತದೆ. ಮಾರನೆಯ ದಿನ ಸ್ವಾಮಿಗಳ ಗಾಡಿ ಹೋಯಿತು. ಮುಂದಿನ ವರ್ಷ ಅವರನ್ನು ಬೇರೆ ಸೀಮೆಗೆ ಕಳಿಸಿದರು, ಅವರ ಬದಲಿಗೆ ಬೇರೆಯವರು ಬಂದರು. ತನಗೆ ಕ್ಷಮೆ ಸಿಕ್ಕಿತೋ ಇಲ್ಲವೋ ಎಂದು ತಿಳಿಯದ ಹೆಂಗಸು ಇಡೀ ಭೂಮಿಯ ಮೇಲೆ ಅವಳೊಬ್ಬಳೇ ಇದ್ದಳೇನೋ.

ಮೃತರ ಹಬ್ಬ ಬಂತು. ಊರೆಲ್ಲ ಮೇಣದ ಬತ್ತಿ ಹಿಡಿದು ಸಮಾಧಿಗಳಿಗೆ ಹೊರಟಿತು. ಇನ್ನಾಸಮ್ಮನೂ ಹೊರಟಳು. ಮಳೆಗಾಲದಲ್ಲಿ ಬಂಡೆ ಪಾಚಿ ಹಿಡಿದಿತ್ತು, ಹಿಂದಿನ ದಿನ ಮಳೆಯೂ ಬಿದ್ದಿತ್ತು. ಮುದುಕಿ ಜಾರಿ ಸೊಂಟ ಮುರಿದುಕೊಂಡಳು. ಹಾಸಿಗೆಯ ಮೇಲೆ ಮೂರು ತಿಂಗಳು ಒಂದೇ ಮಾತು ಆಡಿದಳಂತೆ, ನನ್ನ ಮಗನ ಗುಂಡಿ ಹತ್ತಿರಕ್ಕೆ ಇನ್ನು ನಾನು ಹೋಗೋ ಹಾಗಿಲ್ಲ ಅಂತ. ಆ ತುಟಿಗಳನ್ನು ಚೌರಮ್ಮ ನೋಡುತ್ತಲೇ ಇದ್ದಳು. ನೋಡಿ ನೋಡಿ ಅವಳಿಗೊಂದು ತೀರ್ಮಾನ ಬಂತು. ತಡಿಕೆಯ ಆಚೆಯಿಂದ ಸ್ವಾಮಿಗಳು ಹೇಳಿದ್ದು ಇದೇ ಇರಬೇಕು. ಕಲ್ಲಿನಿಂದ ಪಾಪ ಮಾಡಿದವಳಿಗೆ ಕಲ್ಲಿನದೇ ಪ್ರಾಯಶ್ಚಿತ್ತ. ಬುಡದಿಂದ ಗುಡಿಯ ಬಾಗಿಲವರೆಗೆ ಮೆಟ್ಟಿಲು ಹಾಸಬೇಕು.

ಮೆಟ್ಟಿಲಿಗೆ ಚಪ್ಪಡಿ ಬೇಕು, ಚಪ್ಪಡಿಗೆ ಕಿವಿ ಬೇಕು. ಬಂಡೆಯ ಹಿಂಬದಿಯಲ್ಲಿ, ಯಾರೂ ಬಾರದ ಕಡೆ, ಒಬ್ಬಳೇ ಉರಿ ಹಾಕಿದಳು. ತಾನೇ ಹೊತ್ತು ತಂದ ಜಾಲಿ ಸೌದೆ. ಮೊದಲ ಕಲ್ಲು ಸಿಡಿಯಿತು, ಎರಡನೆಯದೂ ಸಿಡಿಯಿತು. ಅವಳ ಹಣೆಯ ಮೇಲಿದ್ದ ಗಾಯದ ಗುರುತು ಎರಡನೆಯದರದ್ದಂತೆ. ಮೂರನೆಯ ಸಲ ಬರಿಗಾಲಲ್ಲಿ ಉರಿಯ ಪಕ್ಕ ನಿಂತು ತಟ್ಟಿದಳು. ಆಗ ಗೊತ್ತಾಯಿತಂತೆ. ಗಟ್ಟಿ ಕಲ್ಲಿಗೆ ಕೊಟ್ಟ ಪೆಟ್ಟು ಕೆಳಗೆ ಇಳಿದು ಹೋಗುತ್ತದೆ. ಬಿಟ್ಟ ಕಲ್ಲಿಗೆ ಕೊಟ್ಟ ಪೆಟ್ಟು ತಿರುಗಿ ಬಂದು ಅಂಗಾಲಿಗೆ ಮುಟ್ಟುತ್ತದೆ. ಕಿವಿಯಲ್ಲಿ ಹೋದದ್ದು ಕಾಲಲ್ಲಿ ಬಂತು. ಅಂಗಾಲು ಬೊಬ್ಬೆ ಎದ್ದು, ಒಣಗಿ, ಮತ್ತೆ ಬೊಬ್ಬೆ ಎದ್ದು, ಕೊನೆಗೆ ಅವಳ ಕಾಲು ಎಮ್ಮೆಯ ತೊಗಲಿನ ಹಾಗೆ ಆಗಿಹೋಯಿತು.

ಹೀಗೆ ಮೊದಲ ಮೆಟ್ಟಿಲು ಬಿತ್ತು. ಹಾರೆಯಿಂದ ಮೀಟಿ, ಮರದ ದಿಮ್ಮಿಯ ಮೇಲೆ ಉರುಳಿಸಿ, ಒಬ್ಬಳೇ ತಂದು ಹಾಸಿದಳು. ಹಾರೆಯ ಇನ್ನೊಂದು ತುದಿಯನ್ನು ಬಿಳಿ ಬಟ್ಟೆಯ ದೇವದೂತರು ಹಿಡಿಯುತ್ತಿದ್ದರು ಅನ್ನುತ್ತಾರೆ. ಹೇಳುವವರು ಹೇಳಲಿ, ನಾನು ಬೇಡ ಅನ್ನುವುದಿಲ್ಲ. ಆದರೆ ದೇವದೂತರು ಹೊತ್ತಿದ್ದರೆ ಅವಳ ಬಲಹೆಗಲ ಮೇಲೆ ನಿಂಬೆಹಣ್ಣಿನಷ್ಟು ಗಂಟು ಯಾಕೆ ಬಂತು? ಹೊತ್ತದ್ದು ನಮ್ಮ ಚೌರಮ್ಮ. ಆ ಹೆಸರನ್ನು ನಾನು ದೇವದೂತರಿಗೂ ಬಿಟ್ಟುಕೊಡುವುದಿಲ್ಲ.

ಊರಿನವರು ಮೊದಲು ನಕ್ಕರು, ಗಂಡ ಸತ್ತ ದುಃಖಕ್ಕೆ ತಲೆ ಕೆಟ್ಟಿದೆ ಅಂದರು. ಏನು ಕೇಳಿದರೂ ಅವಳದು ಒಂದು ನಗು, ಅಷ್ಟೇ. ಹಗಲು ಕೂಲಿ, ಮಿಕ್ಕ ಹೊತ್ತು ಮೆಟ್ಟಿಲು. ಮೊದಮೊದಲು ಭಯಕ್ಕೆ ಮಾಡುತ್ತಿದ್ದಳು ಅನ್ನುತ್ತಾರೆ. ಒಂದೊಂದು ಕಲ್ಲು ಹಾಸಿದಾಗಲೂ ಸಾಕಾ, ಸಾಕಾ ಎಂದು ಆಕಾಶ ನೋಡುತ್ತಿದ್ದಳು. ಆಕಾಶ ಏನು ಹೇಳೀತು? ಹೇಳಿದ್ದರೂ ಅವಳಿಗೆ ಕೇಳಿಸಬೇಕಲ್ಲ. ಇಂತಿಷ್ಟು ಎಂದು ಯಾರೂ ಗೊತ್ತು ಮಾಡಿ ಕೊಟ್ಟಿರಲಿಲ್ಲ, ಆದ್ದರಿಂದ ನಿಲ್ಲಿಸುವ ಹಾಗೂ ಇರಲಿಲ್ಲ.

ವರ್ಷಗಳು ಹೋದವು. ಮೆಟ್ಟಿಲು ಅರ್ಧ ಗುಡ್ಡ ಏರಿತು. ಇನ್ನಾಸಮ್ಮ ಸೊಸೆಯ ಹೆಗಲು ಹಿಡಿದು ಅಷ್ಟು ದೂರ ಹತ್ತಿ, ಉಳಿದದ್ದನ್ನು ಅಂಡಿನ ಮೇಲೆ ತೆವಳಿಕೊಂಡು ಹೋಗಿ ಮಗನ ಸಮಾಧಿ ಮುಟ್ಟಿ ಬಂದಳು. ಅತ್ತೆಯ ಸೊಂಟಕ್ಕೆ ಕಷ್ಟವಾಗುತ್ತದೆ ಎಂದು ಚೌರಮ್ಮ ಮುಂದಿನ ಮೆಟ್ಟಿಲುಗಳನ್ನು ತಗ್ಗು ಮಾಡಿ ಹಾಸಿದಳು. ಬಸುರಿಯರು ನಿಂತು ಉಸಿರು ತೆಗೆದುಕೊಳ್ಳಲಿ ಎಂದು ನಡುನಡುವೆ ಅಗಲದ ಚಪ್ಪಡಿ ಹಾಕಿದಳು. ಹೆಣ ಹೊರುವವರು ಚಟ್ಟ ಇಳಿಸಿ ಹೆಗಲು ಬದಲಿಸಲಿ ಎಂದು ಎದೆಯೆತ್ತರದ ಹೊರೆಗಲ್ಲು ನಿಲ್ಲಿಸಿದಳು. ಇವನ್ನು ಯಾವ ಪ್ರಾಯಶ್ಚಿತ್ತವೂ ಕೇಳಿರಲಿಲ್ಲ.

ಆಮೇಲೊಂದು ಗರಿಗಳ ಭಾನುವಾರ. ಊರೆಲ್ಲ ಈಚಲ ಗರಿ ಹಿಡಿದು ಮೆಟ್ಟಿಲು ಇಳಿದು ಬರುತ್ತಿತ್ತು. ಚೌರಮ್ಮ ಬದಿಯಲ್ಲಿ ಕೂತು ಅಂಗೈಯನ್ನು ಕಲ್ಲಿನ ಮೇಲೆ ಇಟ್ಟಿದ್ದಳು. ಮುದುಕರ ಹೆಜ್ಜೆ, ಮಕ್ಕಳ ಓಟ, ಹಾಡಿನ ತಾಳಕ್ಕೆ ಕಾಲು ಕುಟ್ಟುವವರು, ಎಲ್ಲ ಅವಳ ಅಂಗೈಗೆ ಬಂತು. ಎಷ್ಟೋ ವರ್ಷಗಳ ಮೇಲೆ ಊರು ಅವಳಿಗೆ ಕೇಳಿಸಿತು. ಆ ಹೊತ್ತು ಅವಳಿಗೆ ಅನ್ನಿಸಿತಂತೆ, ದೇವರು ಬಾಯಿ ಮುಚ್ಚಿಕೊಂಡಿರಲಿಲ್ಲ, ನಾನೇ ಒಂದೇ ಕಡೆಯಿಂದ ಕೇಳಿಸಿಕೊಳ್ಳಲು ನೋಡುತ್ತಿದ್ದೆ ಅಂತ. ಅವತ್ತು ಅವಳು ಕ್ಷಮಿಸು ಅನ್ನುವುದನ್ನು ಮರೆತು ದೇವರ ಜೊತೆ ಸುಮ್ಮನೆ ಕೂತಿದ್ದಳು. ನಂಬಿಕೆ ಅಂದರೆ ಅದೇ ಇರಬೇಕು. ನನಗೆ ಅದಕ್ಕಿಂತ ಚೆನ್ನಾಗಿ ಹೇಳಲು ಬರುವುದಿಲ್ಲ.

ಆದರೂ ಆ ಮುಳ್ಳು ಒಳಗೆ ಇದ್ದೇ ಇತ್ತು. ಕ್ಷಮೆ ಸಿಕ್ಕಿತೋ, ಇಲ್ಲವೋ?

ಗುಡಿಯ ಬಾಗಿಲಿಗೆ ಇನ್ನು ಕೆಲವೇ ಮೆಟ್ಟಿಲು ಬಾಕಿ ಇದ್ದ ವರ್ಷ ಗಡ್ಡದ ಸ್ವಾಮಿಗಳು ಮತ್ತೆ ಬಂದರು. ಗಡ್ಡ ಬೆಳ್ಳಗಾಗಿತ್ತು, ಬೆನ್ನು ಬಾಗಿತ್ತು. ತಮ್ಮ ದೇಶಕ್ಕೆ ಹಿಂದಿರುಗುವ ಮೊದಲು ಹಳೆಯ ಊರುಗಳನ್ನೆಲ್ಲ ನೋಡಿ ಹೋಗಲು ಬಂದಿದ್ದರು. ಇನ್ನು ಬರುವುದಿಲ್ಲ. ಮೆಟ್ಟಿಲು ಕಂಡು ಬೆರಗಾದರು. ಹತ್ತಿ ಹತ್ತಿ ಏದುಸಿರು ಬಿಡುತ್ತ ಮೇಲೆ ಬಂದು, ಕಲ್ಲು ಕೂರಿಸುತ್ತಿದ್ದ ಚೌರಮ್ಮನ ಪಕ್ಕ ಕೂತರು. ಇದನ್ನೆಲ್ಲ ಮಾಡು ಅಂತ ಯಾರು ಹೇಳಿದರು ತಾಯಿ ಎಂದು ಕೇಳಿರಬೇಕು. ಗಡ್ಡದಲ್ಲಿ ತುಟಿ ಮುಚ್ಚಿಹೋಗಿತ್ತು, ಅವಳಿಗೆ ತಿಳಿಯಲಿಲ್ಲ. ಆದರೆ ಇನ್ನೊಂದು ತಿಳಿಯಿತು. ತನಗೇನು ತೀರ್ಪಾಯಿತು ಅನ್ನುವುದು ಗೊತ್ತಿರುವ ಮನುಷ್ಯ ಭೂಮಿಯ ಮೇಲೆ ಇವರೊಬ್ಬರೇ, ಇವರು ನಾಳೆ ಹೊರಟುಹೋಗುತ್ತಾರೆ.

ಚೌರಮ್ಮ ಹಾರೆ ಬಿಟ್ಟು ಅವರ ಕಾಲ ಬಳಿ ಮಂಡಿಯೂರಿದಳು. ತಡಿಕೆ ಇಲ್ಲ, ಬಟ್ಟೆ ಇಲ್ಲ, ಬಿಸಿಲಲ್ಲಿ, ಮುಖಕ್ಕೆ ಮುಖ.

"ಸ್ವಾಮೇರೆ, ನಂಗೆ ಕಿವಿ ಕೇಳ್ಸಕಿಲ್ಲ. ಅವತ್ತೂ ಕೇಳ್ತಿರ್ಲಿಲ್ಲ. ಕಲ್ಲು ಬಿಟ್ಟಿದ್ದು ಕೇಳ್ಸದೇನೇ ನನ್ ಗಂಡುಂಗೆ ಇನ್ನೂ ಇಲ್ಲ ಅಂದೆ. ಕಿವುಡಿ ಅನ್ನಿಸ್ಕೊಳಕ್ಕೆ ನಾಚ್ಕೊಂಡು ಅವ್ನ ಕೊಂದೆ. ಅದ್ನ ನಿಮ್ಗೂ ಮುಚ್ಚಿಟ್ಟೆ. ನೀವು ಹೇಳಿದ್ದೂ ನಂಗೆ ಕೇಳ್ಸಲಿಲ್ಲ. ಅವತ್ತು ಏನ್ ಹೇಳಿದ್ರಿ?"

ಸ್ವಾಮಿಗಳು ಅವಳ ಮುಖ ನೋಡಿದರು. ಆಮೇಲೆ ಕೆಳಗಿನವರೆಗೆ ಇಳಿದು ಹೋಗಿದ್ದ ಮೆಟ್ಟಿಲುಗಳನ್ನು ನೋಡಿದರು. ಅವರ ಕಣ್ಣಲ್ಲಿ ನೀರು ಬಂತು. ಸೊಂಟದಿಂದ ಜಪಸರ ತೆಗೆದು, ಅವಳ ಕಣ್ಣ ಮುಂದೆ ಹಿಡಿದು, ಒಂದೊಂದೇ ಮಣಿ ಸರಿಸಿ ತೋರಿಸಿದರು. ಒಂದು. ಎರಡು. ಮೂರು. ಮೂರು ಬೆರಳು ಎತ್ತಿದರು. ಅಷ್ಟೇ ಕಣ್ರಪ್ಪ. ಅವತ್ತು ಅವರು ಕ್ಷಮೆ ಕೊಟ್ಟು, ಮೂರು ಸಲ ನಮೋ ಮರಿಯ ಪ್ರಾರ್ಥನೆ ಹೇಳಿಕೋ ತಾಯಿ ಅಂದಿದ್ದರು. ತಿಳಿಯದೆ ಆದ ತಪ್ಪಿಗೆ ಅದಕ್ಕಿಂತ ಹೆಚ್ಚು ಯಾವ ಗುರು ಕೊಡುತ್ತಾನೆ?

ಆದರೆ ಈಗ ಅವಳು ಹೇಳಿದ್ದು ತಿಳಿಯದೆ ಆದ ತಪ್ಪಲ್ಲ. ಅದೂ ಅವರಿಗೆ ಗೊತ್ತಿತ್ತು. ಎರಡೂ ಕೈಗಳನ್ನು ಅವಳ ತಲೆಯ ಮೇಲಿಟ್ಟು, ಹಣೆಯ ಗಾಯದ ಮೇಲೆ ಶಿಲುಬೆಯ ಗುರುತು ಹಾಕಿದರು. ಆಮೇಲೆ ಮೆಟ್ಟಿಲುಗಳ ಕಡೆ ಕೈ ತೋರಿಸಿ, ಅಂಗೈ ಮಗುಚಿ, ತಲೆಯಾಡಿಸಿದರು. ಈ ಪಾಪದ ಪ್ರಾಯಶ್ಚಿತ್ತ ಆಗಿಹೋಗಿದೆ, ಹಳೆಯ ಆ ಮೂರು ಪ್ರಾರ್ಥನೆ ಮಾತ್ರ ಬಾಕಿ ಎಂದು ಅದರ ಅರ್ಥ. ಚೌರಮ್ಮ ಅಲ್ಲೇ ಕೂತು ಆ ಮೂರನ್ನೂ ಹೇಳಿದಳು. ಹೇಳುತ್ತ ಹೇಳುತ್ತ ನಗು ಬಂತಂತೆ. ನಕ್ಕು ನಕ್ಕು ಅತ್ತಳಂತೆ.

ಅವತ್ತು ನಡೆದದ್ದನ್ನು ಸ್ವಾಮಿಗಳು ಯಾರಿಗೂ ಹೇಳಲಿಲ್ಲ, ಗುರುಗಳಾದವರು ಹೇಳುವ ಹಾಗೂ ಇಲ್ಲ. ನಮಗೆ ಗೊತ್ತಾದದ್ದು ಅವಳೇ ಹೇಳಿದ್ದರಿಂದ. ಮೊದಲು ಹೇಳಿದ್ದು ಇನ್ನಾಸಮ್ಮನಿಗೆ. ಕ್ಷಮೆ ಸಿಕ್ಕಿದ ಮೇಲೆ ಬಾಯಿ ಮುಚ್ಚಿಕೊಂಡಿದ್ದರೆ ಯಾರು ಕೇಳುತ್ತಿದ್ದರು? ಯಾರೂ ಕೇಳುತ್ತಿರಲಿಲ್ಲ. ಆದರೂ ನೆಟ್ಟಗೆ ಮನೆಗೆ ಹೋಗಿ, ಹೊಸ್ತಿಲ ಮೇಲೆ ಕೂತಿದ್ದ ಮುದುಕಿಯ ಎದುರು ನಿಂತು ಎಲ್ಲ ಹೇಳಿದಳು. ನಿನ್ನ ಮಗನನ್ನು ಕೊಂದವಳು ನಾನು, ಕಿವುಡಿಯಾಗಿ ಕೊಂದೆ ಅಂದಳು. ಮನೆ ಬಿಟ್ಟು ಹೋಗು ಅನ್ನುತ್ತಾಳೆ ಎಂದು ತುಟಿಯನ್ನೇ ನೋಡುತ್ತ ನಿಂತಳು.

"ಗೊತ್ತು ಕಣೆ" ಅಂದಳಂತೆ ಇನ್ನಾಸಮ್ಮ. "ಇಷ್ಟ್ ವರ್ಸ ನಿನ್ ಬೆನ್ ಹಿಂದೆ ಕೂತ್ಕೊಂಡು ಮಗುನ್ ಹೆಸ್ರು ಹಿಡ್ದು ಅತ್ತಿದೀನಿ. ಒಂದಿನಾನಾದ್ರೂ ತಿರುಗ್ ನೋಡಿದ್ಯಾ?"

ಚೌರಮ್ಮ ಅತ್ತೆಯ ಎದುರಿಗೆ ಕೂತಳು. ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ಕೇಳಿದಳು. ಮುದುಕಿ ಸೊಸೆಯ ಗಲ್ಲ ಹಿಡಿದು ಮುಖ ತನ್ನ ಕಡೆ ತಿರುಗಿಸಿಕೊಂಡು, ಚೆನ್ನಾಗಿ ಕಾಣುವ ಹಾಗೆ ನಿಧಾನವಾಗಿ ಹೇಳಿದಳು. "ಮೊದ್ಲು ಸಿಟ್ಟಿತ್ತು, ನೀನಾಗೇ ಹೇಳ್ಲಿ ಅಂತ ಕಾದೆ. ಆಮೇಲ್ ನೀನು ಕಲ್ ಹೊರೋದ್ ನೋಡ್ದೆ. ಬೈದ್ರೆ ಎಲ್ಲಾದ್ರೂ ಹೊಂಟೋಯ್ತೀಯ ಅಂತ ಭಯ ಆಯ್ತು. ಮಗುನ್ನೂ ಕಳ್ಕೊಂಡು ನಿನ್ನೂ ಕಳ್ಕೊಳ್ಳಾನಾ?"

ಉಳಿದಿದ್ದ ಮೆಟ್ಟಿಲುಗಳನ್ನು ಚೌರಮ್ಮ ಆಮೇಲೆ ಹಾಸಿದಳು. ಯಾವ ಪಾಪಕ್ಕೂ ಅಲ್ಲ. ಉರಿಗೆ ಸೌದೆ ಹಾಕಿದವಳು ಇನ್ನಾಸಮ್ಮ, ಅದೂ ಕೂತ ಕಡೆಯಿಂದಲೇ. ಊರಿನವರೂ ಹಾರೆ ಹಿಡಿದು ಬಂದರು. ಕಿವುಡಿ ಅಂತ ಗೊತ್ತಾದ ಮೇಲೆ ಅವಳ ಕೆಲಸ ಹೋಗಲಿಲ್ಲ, ಎರಡರಷ್ಟಾಯಿತು. ಎಂಟೂರ ಕಲ್ಲುಕೆಲಸದವರು ಬಂದು ಅಂಗಾಲಲ್ಲಿ ಕೇಳುವುದನ್ನು ಅವಳಿಂದ ಕಲಿತರು. ಅವಳು ಸಾಯುವವರೆಗೆ ನಮ್ಮ ಬಂಡೆಯ ಮೇಲೆ ಮತ್ತೊಬ್ಬರ ರಕ್ತ ಬೀಳಲಿಲ್ಲ ಅನ್ನುತ್ತಾರೆ. ಇದನ್ನು ನಾನೂ ಪೂರ್ತಿ ನಂಬುತ್ತೇನೆ.

ಈಗಲೂ ಪಾಸ್ಕ ಹಬ್ಬದ ಹಿಂದಿನ ವಾರ ನಮ್ಮ ಸ್ವಾಮಿಗಳು ಪಾಪನಿವೇದನೆ ಕೇಳಲು ಗುಡಿಯೊಳಗೆ ಕೂರುವುದಿಲ್ಲ. ಹೊರಗೆ ಬಂದು, ಬಿಸಿಲಲ್ಲಿ, ಮೇಲಿನ ಮೆಟ್ಟಿಲ ಮೇಲೆ ಕೂರುತ್ತಾರೆ. ಹೊಸದಾಗಿ ಬಂದ ಗುರುಗಳು ಯಾಕೆ ಎಂದು ಕೇಳಿದರೆ ಅವರಿಗೆ ಈ ಕತೆ ಹೇಳುತ್ತೇವೆ, ಆಮೇಲೆ ಅವರೂ ಬಂದು ಕೂರುತ್ತಾರೆ. ಪಾಪ ಚಿಕ್ಕದಿರಲಿ ದೊಡ್ಡದಿರಲಿ, ಹೇಳಿಕೊಂಡವರು ಮೂರು ನಮೋ ಮರಿಯ ಹೇಳಿ, ಇಳಿಯುವಾಗ ಒಂದು ಬುಟ್ಟಿ ಮಣ್ಣೋ ಒಂದು ಚಕ್ಕೆ ಕಲ್ಲೋ ತಂದು ಅಲುಗಾಡುವ ಮೆಟ್ಟಿಲಿಗೆ ಒತ್ತು ಕೊಟ್ಟು ಹೋಗಬೇಕು. ಹಾಗಾಗಿ ಇಷ್ಟು ತಲೆಮಾರು ಕಳೆದರೂ ನಮ್ಮಲ್ಲಿ ಒಂದು ಮೆಟ್ಟಿಲೂ ಕಳಚಿ ಬಿದ್ದಿಲ್ಲ. ನಮ್ಮೂರಲ್ಲಿ ಪಾಪಕ್ಕೆ ಬರವಿಲ್ಲ ಎಂದು ಆಚೆಪಾಳ್ಯದವರು ಛೇಡಿಸುತ್ತಾರೆ, ಛೇಡಿಸಿಕೊಳ್ಳಲಿ.

ಇನ್ನೊಂದಿದೆ. ಆ ಮೆಟ್ಟಿಲುಗಳನ್ನು ನಾವು ಯಾರೂ ಎಣಿಸುವುದಿಲ್ಲ. ಮಕ್ಕಳು ಹತ್ತುವಾಗ ಒಂದು ಎರಡು ಎಂದು ಶುರು ಮಾಡಿದರೆ ಹಿಂದೆ ಬರುವವರು ತಲೆಗೊಂದು ಮೊಟಕಿ ನಿಲ್ಲಿಸುತ್ತಾರೆ. ಒಮ್ಮೆ ಯಾರೋ ಪುಸ್ತಕ ಹಿಡಿದುಕೊಂಡು ಬರೆದುಕೊಳ್ಳಲು ಬಂದಿದ್ದರು, ಅವರಿಗೆ ಊಟ ಹಾಕಿ, ಕೈಮುಗಿದು, ಬೇಡಿ ಸ್ವಾಮಿ ಅಂದು ಕಳಿಸಿದೆವು. ದೂರದಿಂದ ಬಂದವರು ಒಟ್ಟು ಎಷ್ಟು ಮೆಟ್ಟಿಲಿವೆ ಎಂದು ಕೇಳಿದರೆ, ನಮ್ಮೂರಿನವರು, ಹಲ್ಲಿಲ್ಲದ ಮುದುಕಿಯಿಂದ ಹಿಡಿದು ಮಾತು ಬಾರದ ಕೂಸಿನವರೆಗೆ, ಮೂರು ಬೆರಳು ಎತ್ತಿ ತೋರಿಸುತ್ತೇವೆ.